ರಸ್ತೆಯಲ್ಲಿ ಅಪಘಾತವಾದರೆ ಎರಡನೆಯದು ಆಗದಂತೆ ನೋಡಿಕೊಳ್ಳುವುದು ಹೇಗೆ?

ತಿಪಟೂರಿನಿಂದ ಅರಸೀಕೆರೆಗೆ ಹೋಗುವ ರಸ್ತೆ. ರಾತ್ರಿ ಒಂಬತ್ತರ ಹೊತ್ತು. ನನ್ನ ಮುಂದೆ ಹೋಗುತ್ತಿದ್ದ ಲಗೇಜ್ ಆಟೋ ಒಂದು ಬೈಕಿಗೆ ತಾಗಿ, ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟಿತು. ಬೈಕಿನವನ ಮೊಣಕಾಲು ತರಚಿತ್ತು, ಅಷ್ಟೇ. ಅವನಾಗಲೇ ಎದ್ದು ನಿಂತು ಆಟೋದವನನ್ನು ಬೈಯುತ್ತಿದ್ದ.

ನಾನು ಕಾರು ಪಕ್ಕಕ್ಕೆ ಹಾಕಿ ಡಿಕ್ಕಿ ತೆಗೆದೆ. ಹಿಂದಿನಿಂದ ಬರುವವರಿಗೆ ಎಚ್ಚರಿಕೆ ಕೊಡಲು ರಸ್ತೆ ಮೇಲೆ ನಿಲ್ಲಿಸುವ ಕೆಂಪು ತ್ರಿಕೋನ ಬೇಕಿತ್ತು. ಅದು ಇದ್ದದ್ದು ಸ್ಟೆಪ್ನಿ ಪಕ್ಕದಲ್ಲಿ. ಸ್ಟೆಪ್ನಿ ಮೇಲೆ ಮ್ಯಾಟು. ಮ್ಯಾಟಿನ ಮೇಲೆ ಅತ್ತೆ ಮನೆಯಿಂದ ತಂದ ತೆಂಗಿನಕಾಯಿ ಚೀಲ. ಚೀಲ ಇಳಿಸಿ, ಮ್ಯಾಟು ಎತ್ತಿ, ತ್ರಿಕೋನದ ಮೇಲಿನ ಪ್ಲಾಸ್ಟಿಕ್ ಹರಿದು, ಅದರ ಕಾಲು ಬಿಡಿಸೋದು ಹೇಗೆ ಅಂತ ಮೊಬೈಲ್ ಬೆಳಕಲ್ಲಿ ತಡಕಾಡುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಬಂದ ಇನ್ನೊಂದು ಬೈಕು ಆಟೋಗೆ ಗುದ್ದಿತು. ಆ ಹುಡುಗನ ಕಾಲಿನ ಮೂಳೆ ಮುರಿಯಿತು.

ಆಮೇಲೆ ಊರಿನವರು ಓಡಿ ಬಂದರು, ಕಲ್ಲು ಇಟ್ಟರು, ಸೊಪ್ಪು ಹಾಕಿದರು. ಆದರೆ ಆಗಬೇಕಾದ್ದು ಆಗಿಹೋಗಿತ್ತು. ಆ ಹುಡುಗನ ಕಾಲು ನನ್ನ ತೆಂಗಿನಕಾಯಿ ಚೀಲದಿಂದ ಮುರಿಯಿತು ಅಂತಲೇ ನನಗೆ ಇವತ್ತಿಗೂ ಅನ್ನಿಸುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಮೊದಲ ಅಪಘಾತ ತಪ್ಪಿಸುವ ಮಾತು ಜಾಸ್ತಿ ಇಲ್ಲ. ಆಗಿದ್ದು ಆದಮೇಲೆ ಇನ್ನೊಂದು ಆಗದಂತೆ ನೋಡಿಕೊಂಡು, ರಸ್ತೆಯನ್ನು ಬೇಗ ಖಾಲಿ ಮಾಡುವುದು ಹೇಗೆ ಅನ್ನೋದಷ್ಟೇ ಇದೆ.

ಇವತ್ತೇ ಮಾಡಬಹುದಾದ ಕೆಲಸ

ನಿಮ್ಮ ಕಾರಿನ ತ್ರಿಕೋನ ಎಲ್ಲಿದೆ ಅಂತ ಈಗಲೇ ಹೋಗಿ ನೋಡಿ. ಹೊಸ ಕಾರಿನ ಜೊತೆ ಕಂಪನಿಯವರೇ ಕೊಟ್ಟಿರುತ್ತಾರೆ. ಒಂದು ಸಲ ಬಿಡಿಸಿ, ನಿಲ್ಲಿಸಿ, ಮಡಿಚಿ. ಆಮೇಲೆ ಅದನ್ನು ಡ್ರೈವರ್ ಸೀಟಿನ ಹಿಂದೆ, ಕೈಗೆ ಸಿಗುವ ಜಾಗದಲ್ಲಿ ಇಡಿ. ಸೀಟಿನ ಕೆಳಗೆ ಬೇಡ, ಜಾರಿ ಬ್ರೇಕ್ ಪೆಡಲ್ ಹತ್ತಿರ ಬಂದೀತು. ಜೊತೆಗೆ ಒಂದು ಟಾರ್ಚು, ಒಂದು ರೇಡಿಯಂ ಜಾಕೆಟ್, ಒಗೆದ ಹಳೇ ಪಂಚೆ ಅಥವಾ ದುಪ್ಪಟ್ಟಾ, ಒಂದು ಸೀಮೆಸುಣ್ಣ. ಪಂಚೆ ಯಾಕೆ, ಸೀಮೆಸುಣ್ಣ ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಗಾಡಿ, ಆಮೇಲೆ ನೀವು

ಅಪಘಾತ ಕಂಡ ತಕ್ಷಣ ಗಕ್ಕನೆ ಬ್ರೇಕ್ ಹಾಕಬೇಡಿ. ಹಿಂದಿನವನಿಗೆ ಏನಾಗಿದೆ ಅಂತ ಗೊತ್ತಿರುವುದಿಲ್ಲ. ನಾಲ್ಕೂ ಇಂಡಿಕೇಟರ್ ಮಿಣುಕಿಸುವ ಬಟನ್ ಒತ್ತಿ (ಡ್ಯಾಶ್‌ಬೋರ್ಡಿನಲ್ಲಿ ಕೆಂಪು ತ್ರಿಕೋನದ ಗುರುತು ಇರುವುದು), ವೇಗ ಇಳಿಸಿ. ಬಿದ್ದಿರುವ ಗಾಡಿಗಳನ್ನು ದಾಟಿ ಸ್ವಲ್ಪ ಮುಂದಕ್ಕೆ ಹೋಗಿ, ಎಡಕ್ಕೆ, ಟಾರಿನಿಂದ ಪೂರ್ತಿ ಕೆಳಗೆ ನಿಲ್ಲಿಸಿ. ಜೊತೆಯಲ್ಲಿದ್ದವರನ್ನು ಎಡಬಾಗಿಲಿನಿಂದ ಇಳಿಸಿ. ಹೆದ್ದಾರಿಯಾದರೆ ಕಬ್ಬಿಣದ ತಡೆಪಟ್ಟಿಯ ಆಚೆ ನಿಲ್ಲಲು ಹೇಳಿ. ಮಕ್ಕಳು, ವಯಸ್ಸಾದವರು ಅಂತ ಕಾರಲ್ಲೇ ಕೂರಿಸುವುದು ಬೇಡ. ಹಿಂದಿನಿಂದ ಲಾರಿ ಬಂದರೆ ಕಾರು ರಕ್ಷಣೆ ಕೊಡುವುದಿಲ್ಲ.

ರಸ್ತೆಯ ಆ ಬದಿಯಲ್ಲಿ ಅಪಘಾತ, ನೀವು ಈ ಬದಿಯಲ್ಲಿದ್ದೀರಾ? ಡಿವೈಡರ್ ಹಾರಿ ಓಡಬೇಡಿ. ಫೋನ್ ಮಾಡಿ ಮುಂದೆ ಹೋಗಿ. ನೋಡಲು ನಿಧಾನ ಮಾಡಿದ ಕಾರಿನ ಹಿಂದೆಯೇ ಇನ್ನೊಂದು ಸರಣಿ ಗುದ್ದಾಟ ಆಗುವುದನ್ನು ನೆಲಮಂಗಲದ ಕಡೆ ಹೋಗುವವರು ಬೇಕಾದಷ್ಟು ಸಲ ನೋಡಿರುತ್ತಾರೆ.

ತ್ರಿಕೋನ ಎಷ್ಟು ದೂರ?

ಇಲ್ಲಿ ಒಂದು ಚಿಕ್ಕ ಲೆಕ್ಕ ಬೇಕು. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. ನೂರರಲ್ಲಿ ಬರುವ ಕಾರು ಸೆಕೆಂಡಿಗೆ 28 ಮೀಟರ್ ಓಡುತ್ತದೆ. ಮುಂದೆ ಏನೋ ಇದೆ ಅಂತ ಕಣ್ಣಿಗೆ ಬಿದ್ದು, ಅದು ನಿಂತಿದೆ ಅಂತ ತಲೆಗೆ ಹೋಗಿ, ಕಾಲು ಬ್ರೇಕಿನ ಮೇಲೆ ಬರುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆಯಿತು ಅಂದುಕೊಳ್ಳಿ. ಬ್ರೇಕ್ ಹಿಡಿಯುವ ಮುಂಚೆಯೇ 40 ಮೀಟರ್ ಹೋಯಿತು. ಆಮೇಲೆ ಗಾಡಿ ನಿಲ್ಲಲು ಇನ್ನೂ ದೂರ ಬೇಕು. ಮಳೆಯಾಗಿದ್ದರೆ ಇನ್ನಷ್ಟು. ಲೋಡ್ ಲಾರಿಯಾದರೆ ಕೇಳಲೇಬೇಡಿ.

ಹಾಗಿದ್ದ ಮೇಲೆ ಕಾರಿನ ಬಂಪರ್ ಪಕ್ಕದಲ್ಲೇ ತ್ರಿಕೋನ ಇಟ್ಟು ಏನು ಪ್ರಯೋಜನ? ನಮ್ಮಲ್ಲಿ ಬಹಳ ಜನ ಹಾಗೇ ಇಡುತ್ತಾರೆ.

ಊರೊಳಗಿನ ರಸ್ತೆಯಲ್ಲಿ 50 ಹೆಜ್ಜೆ ಸಾಕು. ಊರು ದಾಟಿದ ಮಾಮೂಲಿ ರಸ್ತೆಯಲ್ಲಿ ಕಮ್ಮಿ ಅಂದರೆ 130 ಹೆಜ್ಜೆ, ಅಂದರೆ ಸುಮಾರು 100 ಮೀಟರ್. ನಾಲ್ಕು ಪಥ, ಆರು ಪಥದ ಹೆದ್ದಾರಿಯಲ್ಲಿ 200 ಹೆಜ್ಜೆಗೂ ಜಾಸ್ತಿ ನಡೆಯಿರಿ. ಎದುರು ಬದುರು ಓಡಾಡುವ ಡಿವೈಡರ್ ಇಲ್ಲದ ರಸ್ತೆಯಾದರೆ ಎರಡೂ ಕಡೆ ಎಚ್ಚರಿಕೆ ಬೇಕು. ತಿರುವಿನಲ್ಲಿ ಅಥವಾ ದಿಬ್ಬದ ಆಚೆ ಅಪಘಾತ ಆಗಿದ್ದರೆ ಹೆಜ್ಜೆ ಲೆಕ್ಕ ಬಿಡಿ. ತಿರುವಿಗಿಂತ ಮುಂಚೆ, ದಿಬ್ಬ ಹತ್ತುವ ಮುಂಚೆ ಇಡಿ. ಬರುವವನಿಗೆ ಮೊದಲು ತ್ರಿಕೋನ ಕಾಣಬೇಕು, ಆಮೇಲೆ ಗಾಡಿ.

ಇಡಲು ಹೋಗುವಾಗ ತ್ರಿಕೋನವನ್ನು ಬಿಡಿಸಿಯೇ, ಎದೆಯ ಮುಂದೆ ಹಿಡಿದುಕೊಂಡು, ರಸ್ತೆ ಅಂಚಿನ ಮಣ್ಣಿನಲ್ಲಿ ನಡೆಯಿರಿ. ಹೆಡ್‌ಲೈಟ್ ಬಿದ್ದರೆ ಅದು ಹೊಳೆಯುತ್ತದೆ. ರೇಡಿಯಂ ಜಾಕೆಟ್ ಇರುವುದೂ ಇದಕ್ಕೇ. ಕಪ್ಪು ಬಟ್ಟೆ ಹಾಕಿ ರಾತ್ರಿ ರಸ್ತೆಯಲ್ಲಿ ನಿಂತವನು ಹತ್ತಿರ ಬರುವ ತನಕ ಯಾರಿಗೂ ಕಾಣುವುದಿಲ್ಲ. ಗಾಡಿ ನಿಧಾನ ಮಾಡಿಸಲು ಒಬ್ಬರು ನಿಲ್ಲಬೇಕಾದರೆ ಅಂಚಿನಲ್ಲೇ ನಿಂತು ಟಾರ್ಚನ್ನೋ ಬಟ್ಟೆಯನ್ನೋ ಮೇಲಿಂದ ಕೆಳಕ್ಕೆ ಆಡಿಸಲಿ. ರಸ್ತೆ ನಡುವೆ ಕೈ ಚಾಚಿ ನಿಲ್ಲುವುದು ಬೇಡ. ನಿಂತ ಗಾಡಿಯ ಹಿಂದೆ ಗುಂಪು ಕಟ್ಟಿಕೊಂಡು ಅದರ ಕೆಂಪು ದೀಪ ಮರೆ ಮಾಡುವುದೂ ಬೇಡ.

ತ್ರಿಕೋನ ಇಲ್ಲವೇ? ಸೊಪ್ಪು ಹಾಕಿ. ರಸ್ತೆ ಮೇಲೆ ಹೊಂಗೆಯದೋ ಬೇವಿನದೋ ದೊಡ್ಡ ಕೊಂಬೆ ಬಿದ್ದಿದ್ದರೆ ಮುಂದೆ ಗಾಡಿ ಕೆಟ್ಟು ನಿಂತಿದೆ ಅಂತ ನಮ್ಮ ಕಡೆಯ ಯಾವ ಲಾರಿ ಡ್ರೈವರಿಗೂ ಬಿಡಿಸಿ ಹೇಳಬೇಕಿಲ್ಲ. ಕಲ್ಲು ಮಾತ್ರ ಬೇಡ. ಟಾರಿನ ಬಣ್ಣ, ಕಲ್ಲಿನ ಬಣ್ಣ ಎರಡೂ ಒಂದೇ. ರಾತ್ರಿ ಬೈಕಿನವನಿಗೆ ಅದು ಕಾಣುವುದು ಚಕ್ರ ಹತ್ತಿದ ಮೇಲೆ.

ಫೋನಿನಲ್ಲಿ ಏನು ಹೇಳಬೇಕು

ಪೊಲೀಸ್, ಬೆಂಕಿ, ಯಾವುದೇ ತುರ್ತಿಗೆ 112. ಆಂಬುಲೆನ್ಸ್‌ಗೆ 108. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033. ಟೋಲ್ ರಸ್ತೆಗಳಲ್ಲಿ ಆಂಬುಲೆನ್ಸ್, ಕ್ರೇನ್, ಗಸ್ತು ಗಾಡಿ ಇಟ್ಟಿರುತ್ತಾರೆ. 1033ಕ್ಕೆ ಮಾಡಿದರೆ ಅವರಿಗೆ ವಿಷಯ ಮುಟ್ಟುತ್ತದೆ.

"ಯಾರಾದ್ರೂ ಫೋನ್ ಮಾಡ್ರಪ್ಪಾ" ಅಂತ ಕೂಗಿದರೆ ಯಾರೂ ಮಾಡುವುದಿಲ್ಲ. ಪ್ರತಿಯೊಬ್ಬರೂ ಪಕ್ಕದವನು ಮಾಡಿರುತ್ತಾನೆ ಅಂದುಕೊಳ್ಳುತ್ತಾರೆ. ಒಬ್ಬರನ್ನು ತೋರಿಸಿ ಹೇಳಿ: "ಅಣ್ಣಾ, ನೀಲಿ ಶರ್ಟಿನವರು, ನೀವು 108ಕ್ಕೆ ಮಾಡಿ, ಮಾಡಿ ಆದ್ಮೇಲೆ ನನಗೆ ಹೇಳಿ."

ಜಾಗ ಹೇಳುವುದರಲ್ಲೇ ಅರ್ಧ ಸಮಯ ಹಾಳಾಗುತ್ತದೆ. "ಡಾಬಾ ದಾಟಿ ಸ್ವಲ್ಪ ಮುಂದೆ" ಅಂದರೆ ಯಾವ ಡಾಬಾ? ಕಿಲೋಮೀಟರ್ ಕಲ್ಲು ನೋಡಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಅದರ ಮೇಲಿನ ಅಂಕಿ ಹೇಳಿ. ಬೆಂಗಳೂರಿನಲ್ಲಾದರೆ ಮೆಟ್ರೋ ಪಿಲ್ಲರ್ ನಂಬರ್‌ಗಿಂತ ಒಳ್ಳೇ ವಿಳಾಸ ಇಲ್ಲ. ಹಳ್ಳಿ ರಸ್ತೆಯಾದರೆ ಕರೆಂಟ್ ಕಂಬದ ನಂಬರ್, ಹತ್ತಿರದ ಶಾಲೆ, ದೇವಸ್ಥಾನ.

ಯಾವ ಕಡೆಗೆ ಹೋಗುವ ರಸ್ತೆ ಅನ್ನುವುದನ್ನು ಮರೆಯಬೇಡಿ. ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ತೆಗೆದುಕೊಳ್ಳಿ. 119 ಕಿಲೋಮೀಟರ್ ಉದ್ದ, ಎರಡೂ ಬದಿ ಬೇಲಿ, ಎಲ್ಲಿ ಬೇಕಾದರೂ ಹತ್ತುವ ಹಾಗಿಲ್ಲ, ತಿರುಗುವ ಹಾಗೂ ಇಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವೂ ಇಲ್ಲ. ನೀವು "ಮೈಸೂರಿಗೆ ಹೋಗೋ ಸೈಡು" ಅನ್ನದಿದ್ದರೆ ಆಂಬುಲೆನ್ಸ್ ಆ ಕಡೆ ಬಂದು, ಕಣ್ಣೆದುರೇ ಅಪಘಾತ ಕಾಣುತ್ತಿದ್ದರೂ ಮುಂದೆ ಹೋಗಿ ಸುತ್ತಿಕೊಂಡು ಬರಬೇಕಾಗುತ್ತದೆ.

ಉಳಿದದ್ದು ಮೂರೇ ಮಾತು: ಎಷ್ಟು ಗಾಡಿ, ಎಷ್ಟು ಜನಕ್ಕೆ ಪೆಟ್ಟು, ಒಳಗೆ ಯಾರಾದರೂ ಸಿಕ್ಕಿಹಾಕಿಕೊಂಡಿದ್ದಾರಾ. ಸಿಕ್ಕಿಕೊಂಡಿದ್ದರೆ ಅಗ್ನಿಶಾಮಕದವರು ಬೇಕಾಗುತ್ತಾರೆ. ಕಬ್ಬಿಣ ಕತ್ತರಿಸುವ ಸಾಮಾನು ಅವರ ಹತ್ತಿರ ಇರುತ್ತದೆ.

ಪೆಟ್ಟಾದವರನ್ನು ಮುಟ್ಟುವ ಮುಂಚೆ

ನಮ್ಮ ಜನ ಕಲ್ಲು ಮನಸ್ಸಿನವರಲ್ಲ. ತೊಂದರೆ ಆಗುವುದು ಅವಸರದ ಕರುಣೆಯಿಂದ. ಮೂರು ಜನ ಸೇರಿ ಒಬ್ಬನನ್ನು ಕೈಕಾಲು ಹಿಡಿದು ಎತ್ತಿ, ಆಟೋದ ಹಿಂದಿನ ಸೀಟಿನಲ್ಲಿ ಮಡಿಚಿ ಕೂರಿಸುತ್ತಾರೆ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಅಲ್ಲಿಗೆ ಅವನ ಕಾಲು ಹೋದ ಹಾಗೆಯೇ. ಬೆಂಕಿ, ಗ್ಯಾಸ್ ಸೋರಿಕೆ, ನೀರಲ್ಲಿ ಮುಳುಗುವ ಭಯ ಇಲ್ಲದಿದ್ದರೆ ಇದ್ದಲ್ಲೇ ಬಿಡಿ. ತಲೆಯ ಎರಡೂ ಬದಿ ಕೈಯಿಟ್ಟು ಕತ್ತು ಅಲುಗದಂತೆ ಹಿಡಿದು ಮಾತಾಡಿಸುತ್ತಿರಿ. ಉಸಿರಾಡಲು ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ತೆಗೆಯಬೇಡಿ.

ನೀರು ಕುಡಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಗುಂಪಿನಲ್ಲಿ ಒಬ್ಬರು ಬಾಟಲಿ ಹಿಡಿದು ಬಂದೇ ಬರುತ್ತಾರೆ. ಅರೆಪ್ರಜ್ಞೆಯಲ್ಲಿರುವವರಿಗೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಬಾಟಲಿ ತಂದವರಿಗೆ ಬೇರೆ ಕೆಲಸ ಕೊಡಿ, "ನೀವು ಆ ತಿರುವಿನಲ್ಲಿ ನಿಂತು ಗಾಡಿ ನಿಧಾನ ಮಾಡ್ಸಿ" ಅನ್ನಿ. ಖುಷಿಯಿಂದ ಹೋಗುತ್ತಾರೆ.

ರಕ್ತ ಹರಿಯುತ್ತಿದ್ದರೆ ಆ ಹಳೇ ಪಂಚೆ ಮಡಿಚಿ, ಗಾಯದ ಮೇಲೆ ಅದುಮಿ ಹಿಡಿಯಿರಿ. ನಿಂತಿತಾ ಅಂತ ಪದೇ ಪದೇ ತೆಗೆದು ನೋಡಬೇಡಿ. ಏನಾದರೂ ಚುಚ್ಚಿಕೊಂಡಿದ್ದರೆ ಕೀಳಬೇಡಿ, ಅದರ ಸುತ್ತ ಬಟ್ಟೆ ಒತ್ತಿ. ಪ್ರಜ್ಞೆಯೂ ಇಲ್ಲ, ಉಸಿರೂ ಇಲ್ಲ ಅಂದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120ರಂತೆ, ಐದು ಸೆಂಟಿಮೀಟರ್ ಇಳಿಯುವಷ್ಟು ಒತ್ತುತ್ತಿರಿ. 108ರವರು ಫೋನಿನಲ್ಲೇ ಹೇಳಿಕೊಡುತ್ತಿದ್ದರೆ ಅವರ ಮಾತು ಕೇಳಿ.

"ಸುಮ್ನೆ ಯಾಕೆ, ಆಮೇಲೆ ಕೋರ್ಟು ಕಚೇರಿ"

ಈ ಭಯ ಈಗ ಬೇಡ. ಸಹಾಯ ಮಾಡಿದವರನ್ನು ಪೊಲೀಸರಾಗಲಿ, ಆಸ್ಪತ್ರೆಯಾಗಲಿ ಪೀಡಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿತು. ಇದಕ್ಕೆ ತನ್ನದೇ ಕಾಯ್ದೆ ಮಾಡಿಕೊಂಡ ಮೊದಲ ರಾಜ್ಯ ನಮ್ಮದು. ಆಮೇಲೆ 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಸೆಕ್ಷನ್ ಸೇರಿತು. ನೀವು ಹೆಸರು, ವಿಳಾಸ ಹೇಳಲೇಬೇಕು ಅಂತಿಲ್ಲ. ಆಸ್ಪತ್ರೆಗೆ ಸೇರಿಸಿ ಹೊರಟುಬಿಡಬಹುದು. ಅಡ್ವಾನ್ಸ್ ಕಟ್ಟಿ ಅಂತ ನಿಮ್ಮನ್ನು ಹಿಡಿದು ಕೂರಿಸುವ ಹಾಗಿಲ್ಲ.

ದುಡ್ಡಿನ ಮಾತು ಬಂದರೆ, ಕೇಂದ್ರ ಸರ್ಕಾರ 2025ರಲ್ಲಿ ತಂದ ಯೋಜನೆಯಲ್ಲಿ ಅಪಘಾತದ ದಿನದಿಂದ 7 ದಿನದವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ನಗದು ಕಟ್ಟದೆ ಸಿಗುತ್ತದೆ. ಮನೆಯವರಿಗೆ ಈ ವಿಷಯ ಹೇಳಿ, ಆ ಗಾಬರಿಯಲ್ಲಿ ಅವರಿಗೆ ಹೊಳೆದಿರುವುದಿಲ್ಲ.

ಗುದ್ದಿದ ಗಾಡಿಯ ಡ್ರೈವರ್ ನೀವೇ ಆಗಿದ್ದರೆ ಕಾನೂನು ಬೇರೆ. ನಿಲ್ಲಿಸಬೇಕು, ಪೆಟ್ಟಾದವರಿಗೆ ಚಿಕಿತ್ಸೆ ಕೊಡಿಸಬೇಕು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಜನ ಹೊಡೆಯಲು ಬಂದರೆ ಅಲ್ಲಿಂದ ಹೋಗಲು ಅದೇ ಕಾನೂನಿನಲ್ಲಿ ಅವಕಾಶ ಇದೆ, ಆದರೆ ನೇರ ಹತ್ತಿರದ ಸ್ಟೇಷನ್ನಿಗೆ ಹೋಗಿ. ಗುಂಪಿನಲ್ಲಿ ನಿಂತವರು ನೀವಾದರೆ, ಡ್ರೈವರಿಗೆ ಹೊಡೆಯಲು ಸೇರಿದ ಹತ್ತು ಜನರಲ್ಲಿ ಇಬ್ಬರು ಬಂದರೂ ಗಾಡಿ ತಳ್ಳಬಹುದು ಅನ್ನುವುದನ್ನು ಯೋಚಿಸಿ.

ಗಾಡಿ ಸರಿಸುವುದು

ಬರೀ ಬಂಪರ್ ಉಜ್ಜಿದ್ದಾ? ಹಾಗಾದರೆ ಎರಡು ನಿಮಿಷಕ್ಕಿಂತ ಜಾಸ್ತಿ ರಸ್ತೆ ನಡುವೆ ನಿಲ್ಲಬೇಡಿ. ಬೆಂಗಳೂರಿನಲ್ಲಿ ಅರ್ಧ ಕಿಲೋಮೀಟರ್ ಜಾಮಿನ ತುದಿಗೆ ಹೋಗಿ ನೋಡಿದರೆ ಎಷ್ಟೋ ಸಲ ಕಾಣುವುದು ಇದೇ: ಒಡೆದ ಇಂಡಿಕೇಟರ್ ಗಾಜು, ಅದರ ಎರಡೂ ಕಡೆ ಸೊಂಟದ ಮೇಲೆ ಕೈ ಇಟ್ಟುಕೊಂಡ ಇಬ್ಬರು. ಫೋಟೋ ತೆಗೆಯಿರಿ. ಒಂದು ದೂರದಿಂದ, ಎರಡೂ ಗಾಡಿ ಮತ್ತು ರಸ್ತೆಯ ಬಿಳಿ ಗೆರೆ ಕಾಣುವ ಹಾಗೆ. ಇನ್ನೊಂದು ಎದುರು ಬದಿಯಿಂದ. ಎರಡೂ ನಂಬರ್ ಪ್ಲೇಟ್. ಪೆಟ್ಟಾದ ಜಾಗ ಹತ್ತಿರದಿಂದ. ಇಷ್ಟಾದರೆ ಇನ್ಶೂರೆನ್ಸ್‌ಗೆ ತೋರಿಸಲು ಬೇಕಾದದ್ದು ಸಿಕ್ಕಿತು. ಗಾಡಿ ಪಕ್ಕಕ್ಕೆ ತೆಗೆಯಿರಿ, ಫೋನ್ ನಂಬರ್, ಲೈಸೆನ್ಸ್ ವಿವರ ಬರೆದುಕೊಳ್ಳಿ. ಜಗಳ ಆಡಲೇಬೇಕು ಅಂದರೆ ಫುಟ್‌ಪಾತ್ ಮೇಲೆ ನಿಂತು ಆಡಿ.

ಯಾರಿಗಾದರೂ ಪೆಟ್ಟಾಗಿದ್ದರೆ ಪೊಲೀಸರು ಹೇಳುವವರೆಗೆ ಗಾಡಿ ಮುಟ್ಟದಿರುವುದು ಒಳ್ಳೆಯದು. ಆದರೆ ಗಾಡಿ ತೆಗೆಯದೆ ಗಾಯಾಳುವನ್ನು ಬಿಡಿಸಲಾಗದು, ಅಥವಾ ಅದು ಕುರುಡು ತಿರುವಿನಲ್ಲಿ ನಿಂತು ಇನ್ನೊಬ್ಬರ ಜೀವ ತೆಗೆಯುವಂತಿದೆ ಅಂದರೆ ಕಾಯಬೇಡಿ. ಫೋಟೋ ತೆಗೆದು, ನಾಲ್ಕೂ ಚಕ್ರ ನಿಂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆಮೇಲೆ ಸರಿಸಿ.

ತಳ್ಳುವ ಮುಂಚೆ ಒಬ್ಬರು ಸ್ಟೇರಿಂಗ್ ಹಿಡಿದು ಕೂರಲಿ. ಇಂಜಿನ್ ಆಫ್ ಇದ್ದರೂ ಸ್ಟೇರಿಂಗ್ ಲಾಕ್ ಆಗದಂತೆ ಕೀ ತಿರುಗಿಸಿರಬೇಕು. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಇಂಜಿನ್ ಓಡದಿದ್ದರೆ ಬ್ರೇಕ್ ಗಟ್ಟಿಯಾಗುತ್ತದೆ, ಇಳಿಜಾರಿನಲ್ಲಿ ಜೋಪಾನ. ಪೆಟ್ರೋಲ್ ವಾಸನೆ ಬಂದರೆ ಕೀ ಆಫ್ ಮಾಡಿ ಎಲ್ಲರನ್ನೂ ದೂರ ಕಳಿಸಿ, ಬೀಡಿ ಸಿಗರೇಟಿನವರನ್ನು ಮೊದಲು. ಎಲೆಕ್ಟ್ರಿಕ್ ಕಾರಾದರೆ ಕಿತ್ತಳೆ ಬಣ್ಣದ ವೈರ್ ಕಂಡಲ್ಲಿ ಕೈ ಹಾಕಬೇಡಿ. ಅದನ್ನು ಹಗ್ಗ ಕಟ್ಟಿ ಎಳೆಯುವುದೂ ಬೇಡ, ಚಕ್ರ ನೆಲಕ್ಕೆ ತಾಗದಂತೆ ಮೇಲೆ ಹೇರಿಕೊಂಡು ಹೋಗುವ ಗಾಡಿ ಬರಲಿ.

ಘಾಟಿಯಲ್ಲಿ ಆದರೆ

ಶಿರಾಡಿ, ಚಾರ್ಮಾಡಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಅರ್ಧ ಗಂಟೆಯಲ್ಲಿ ಸರಿಹೋಗಬೇಕಾದ್ದು ಐದಾರು ಗಂಟೆ ಎಳೆಯುತ್ತದೆ. ಕಾರಣ ಆ ಲಾರಿಯಲ್ಲ. ಸಾಲಿನಲ್ಲಿ ನಿಂತವರಲ್ಲಿ ಒಬ್ಬ ಬಲಕ್ಕೆ ತಿರುಗಿಸಿ ಮುಂದೆ ನುಗ್ಗುತ್ತಾನೆ. ಅವನ ಹಿಂದೆ ಹತ್ತು ಕಾರು. ಮೇಲಿನಿಂದ ಇಳಿಯುವವರೂ ಅದನ್ನೇ ಮಾಡುತ್ತಾರೆ. ಈಗ ನಾಲ್ಕು ಸಾಲು ಎದುರುಬದುರು ಮೂಗು ತಾಗಿಸಿಕೊಂಡು ನಿಂತಿವೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಕ್ರೇನ್ ಬಂದರೂ ಲಾರಿ ಹತ್ತಿರ ಹೋಗಲು ಜಾಗ ಇಲ್ಲ.

ಘಾಟಿಯಲ್ಲಿ ಗಾಡಿಗಳು ನಿಂತಿವೆ ಅಂದರೆ ನೀವೂ ಎಡಕ್ಕೆ ಒತ್ತಿ, ಮುಂದಿನ ಗಾಡಿಯಿಂದ ಒಂದು ಕಾರಿನಷ್ಟು ಜಾಗ ಬಿಟ್ಟು ನಿಲ್ಲಿ. ಕೊನೆಯ ಗಾಡಿ ನಿಮ್ಮದೇ ಆಗಿದ್ದರೆ ನಾಲ್ಕೂ ಇಂಡಿಕೇಟರ್ ಮಿಣುಕುತ್ತಿರಲಿ, ಕಣ್ಣು ಕನ್ನಡಿ ಮೇಲಿರಲಿ. ಸಾಲಿನ ಮುಂದೆ ಇರುವವರಲ್ಲಿ ಇಬ್ಬರು ಇಳಿದು, ಒಬ್ಬರು ಮೇಲೆ ಒಬ್ಬರು ಕೆಳಗೆ ನಿಂತು, ಫೋನಿನಲ್ಲಿ ಮಾತಾಡಿಕೊಂಡು ಹದಿನೈದು ಹದಿನೈದು ಗಾಡಿ ಬಿಡುತ್ತಾ ಬಂದರೆ ರಸ್ತೆ ಸಾಗುತ್ತದೆ. ಈ ಕೆಲಸವನ್ನು ಬಸ್ ಕಂಡಕ್ಟರ್‌ಗಳಷ್ಟು ಚೆನ್ನಾಗಿ ಯಾರೂ ಮಾಡುವುದನ್ನು ನಾನು ನೋಡಿಲ್ಲ. ಆ ಶಿಳ್ಳೆಗೆ ಜನ ಕೇಳುತ್ತಾರೆ.

ಟ್ಯಾಂಕರ್ ಉರುಳಿದ್ದರೆ ಹತ್ತಿರ ಹೋಗಬೇಡಿ

ಇದೊಂದರಲ್ಲಿ ಮೇಲೆ ಹೇಳಿದ ಯಾವುದನ್ನೂ ಮಾಡಬೇಡಿ. ಮಂಗಳೂರು ಕಡೆಯಿಂದ ಬರುವ ಗ್ಯಾಸ್ ಟ್ಯಾಂಕರ್‌ಗಳನ್ನು ಆ ರಸ್ತೆಯಲ್ಲಿ ಓಡಾಡುವವರೆಲ್ಲ ನೋಡಿದ್ದಾರೆ. 2013ರಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಒಂದು ಉರುಳಿ, ಸೋರಿದ ಗ್ಯಾಸಿಗೆ ಬೆಂಕಿ ಹೊತ್ತಿಕೊಂಡಾಗ ರಸ್ತೆ ಪಕ್ಕದ ಮನೆಗಳಲ್ಲಿದ್ದವರೂ ಸತ್ತರು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಅದು ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ. ಹಾಗಾಗಿ ಗಾಳಿ ಬೀಸಿ ಬರುವ ದಿಕ್ಕಿಗೆ, ಎತ್ತರದ ಕಡೆಗೆ ಓಡಿ. ನಿಂತ ಗಾಡಿ ಸ್ಟಾರ್ಟ್ ಮಾಡಬೇಡಿ, ಅಲ್ಲೇ ನಿಂತು ಫೋನ್ ಒತ್ತಬೇಡಿ. ದೂರ ಹೋದ ಮೇಲೆ 112ಕ್ಕೆ ಮಾಡಿ. ಟ್ಯಾಂಕರಿನ ಬದಿಯಲ್ಲಿ ಫಲಕದ ಮೇಲೆ ನಾಲ್ಕಂಕಿಯ ಸಂಖ್ಯೆ ಇರುತ್ತದೆ: 1075 ಅಂದರೆ ಅಡುಗೆ ಗ್ಯಾಸ್, 1203 ಅಂದರೆ ಪೆಟ್ರೋಲ್. ದೂರದಿಂದ ಕಂಡರೆ ಹೇಳಿ, ಅದನ್ನು ಓದಲು ಅಂತ ಹತ್ತಿರ ಹೋಗಬೇಡಿ. ಬಿಂದಿಗೆ ಹಿಡಿದು ಪೆಟ್ರೋಲ್ ತುಂಬಿಕೊಳ್ಳಲು ಬರುವವರನ್ನು ಬೈದಾದರೂ ಓಡಿಸಿ.

ಕೊನೆಗೆ ಪೊರಕೆ ಕೆಲಸ

ಗಾಡಿ ಹೋಯಿತು, ಆಂಬುಲೆನ್ಸ್ ಹೋಯಿತು, ಜನ ಚದುರಿದರು. ರಸ್ತೆ ಮಾತ್ರ ಇನ್ನೂ ಸರಿಯಾಗಿರುವುದಿಲ್ಲ. ಗಾಜಿನ ಚೂರು, ಬಂಪರ್ ತುಂಡು, ಇಂಜಿನ್ ಆಯಿಲ್ ಅಲ್ಲೇ ಇರುತ್ತವೆ. ಹತ್ತಿರದ ಅಂಗಡಿಯಲ್ಲಿ ತೆಂಗಿನ ಪೊರಕೆ ಕೇಳಿ ಗಾಜು ಗುಡಿಸಿ. ಆಯಿಲ್ ಅಥವಾ ಡೀಸೆಲ್ ಚೆಲ್ಲಿದ್ದರೆ ನೀರು ಸುರಿಯಬೇಡಿ, ಇನ್ನೂ ಅಗಲಕ್ಕೆ ಹರಡುತ್ತದೆ. ಒಣ ಮಣ್ಣು, ಮರಳು, ಸಾಮಿಲ್ಲಿನ ಹೊಟ್ಟು ಏನಾದರೂ ದಪ್ಪಗೆ ಹಾಕಿ, ಹೀರಿದ ಮೇಲೆ ಬಳಿದು ತೆಗೆಯಿರಿ. ಗುಡಿಸುವವರ ಹಿಂದೆ ಬಟ್ಟೆ ಆಡಿಸುತ್ತಾ ಇನ್ನೊಬ್ಬರು ನಿಂತಿರಲಿ. ತ್ರಿಕೋನ ಎಲ್ಲಕ್ಕಿಂತ ಕೊನೆಗೆ ಬರಬೇಕು.

ಆ ರಾತ್ರಿ ಹುಡುಗನನ್ನು ಆಸ್ಪತ್ರೆಗೆ ಕಳಿಸಿ, ಆಟೋ ಪಕ್ಕಕ್ಕೆ ತಳ್ಳಿ, ನಾವೆಲ್ಲ ಹೊರಟುಬಿಟ್ಟೆವು. ಮಾರನೇ ದಿನ ಬೆಳಿಗ್ಗೆ ಅದೇ ರಸ್ತೆಯಲ್ಲಿ ವಾಪಸ್ ಬರುವಾಗ ನೋಡಿದರೆ ಆಟೋ ಇರಲಿಲ್ಲ, ಸೊಪ್ಪು ಬಾಡಿ ಚಕ್ರಕ್ಕೆ ಸಿಕ್ಕಿ ಚಪ್ಪಟೆಯಾಗಿತ್ತು. ಕಲ್ಲುಗಳು ಮಾತ್ರ ಇಟ್ಟ ಹಾಗೇ ಸಾಲಾಗಿ ಕೂತಿದ್ದವು. ನನ್ನ ಮುಂದಿದ್ದ ಸ್ಕೂಟರಿನವರು, ಹಿಂದೆ ಮಗುವನ್ನು ಕೂರಿಸಿಕೊಂಡಿದ್ದರು, ಕೊನೇ ಕ್ಷಣದಲ್ಲಿ ಬಲಕ್ಕೆ ಎಳೆದು ತಪ್ಪಿಸಿಕೊಂಡರು. ನಾನು ಕಾರು ನಿಲ್ಲಿಸಿ, ಈ ಸಲ ತ್ರಿಕೋನ ಮೊದಲು ಇಟ್ಟು, ಕಲ್ಲುಗಳನ್ನು ಒಂದೊಂದಾಗಿ ಚರಂಡಿ ಕಡೆಗೆ ಉರುಳಿಸಿದೆ. ಒಂಬತ್ತು ಇದ್ದವು.